ಬೈಕ್ ಎಲ್ಲಿ ನಿಲ್ಲಿಸ್ತೀರಿ?

ಹವಾಮಾನ ಬದಲಾವಣೆಗೆ ನಮ್ಮ ಪೇಟೆ ಎಷ್ಟು ತಯಾರಾಗಿದೆ ಅಂತ ನೋಡಲು ಕಾಸರಗೋಡಿನ ಒಂದು ವಾರ್ಡಿನಲ್ಲಿ ನಾವು ಆರು ಜನ ಮನೆಮನೆ ತಿರುಗಿದೆವು. ಕೈಯಲ್ಲಿ ಒಂದು ಮಾದರಿ ಇತ್ತು. ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2019ರಲ್ಲಿ ತಂದ ಮೌಲ್ಯಮಾಪನ ಪಟ್ಟಿ. ಐದು ವಿಭಾಗ, ಒಂದೊಂದರಲ್ಲೂ ಹಲವು ಅಂಶ. ದೊಡ್ಡ ನಗರಗಳಿಗೆ ಮಾಡಿದ್ದು. ಕೊಳಚೆ ನೀರಿನ ಮರುಬಳಕೆ ಎಷ್ಟು, ಪೈಪಿನ ಸೋರಿಕೆ ಎಷ್ಟು ಅಂತೆಲ್ಲ ಕೇಳುತ್ತದೆ. ನಾವು ನೀರಿನ ವಿಭಾಗ ಮಾತ್ರ ಎತ್ತಿಕೊಂಡು ಅದಕ್ಕೆ ಮನೆಬಾವಿಯನ್ನು ಸೇರಿಸಿದೆವು. ಇಲ್ಲಿ ಬಾವಿ ಬಿಟ್ಟು ನೀರಿನ ಮಾತಾಡಿದರೆ ಯಾರು ಕೇಳ್ತಾರೆ?

ಮೊದಲ ವಾರ ನಾನೇ ಎಡವಿದೆ. "ಇಲ್ಲಿ ನೆರೆ ಬಂದಿದೆಯಾ?" ಅಂತ ಕೇಳುತ್ತಿದ್ದೆ. ಎಲ್ಲ ಕಡೆ ಒಂದೇ ಉತ್ತರ, ಇಲ್ಲ. ಆದರೆ ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ಕೆಸರಿನ ಗೆರೆ! ಆಮೇಲೆ ತಿಳಿಯಿತು. ಇವರಿಗೆ ನೆರೆ ಅಂದರೆ ಹೊಳೆ ಉಕ್ಕುವುದು. ತೋಡು, ಅಂದರೆ ಸಣ್ಣ ಹಳ್ಳ, ಕಟ್ಟಿಕೊಂಡು ಅಂಗಳಕ್ಕೆ ನುಗ್ಗಿದ್ದು ಬರೀ "ನೀರು ನಿಂತದ್ದು". ಪ್ರಶ್ನೆ ಬದಲಿಸಿದೆ. "ಜೋರು ಮಳೆಗೆ ಬೈಕ್ ಎಲ್ಲಿ ನಿಲ್ಲಿಸ್ತೀರಿ?" ಒಬ್ಬರು ರಸ್ತೆಯ ಏರಿಗೆ ಬೆರಳು ತೋರಿಸಿದರು, ಇನ್ನೊಬ್ಬರು ಪಕ್ಕದ ಮನೆಯ ಜಗಲಿಗೆ. ಆ ಜಾಗಗಳನ್ನೆಲ್ಲ ನಕ್ಷೆಯಲ್ಲಿ ಗುರುತಿಸಿದೆವು. ನೀರು ನಿಲ್ಲುವ ತಗ್ಗು ತಾನಾಗಿಯೇ ಕಾಣಿಸಿತು. ಎಲ್ಲ ಬೊಟ್ಟುಗಳೂ ಒಂದೇ ಮೋರಿಯ ಸುತ್ತ ಇದ್ದವು.

ಬಾವಿಯ ಲೆಕ್ಕವನ್ನು ಒಬ್ಬ ಅಜ್ಜಿ ಕಲಿಸಿದರು. ಅವರ ಹಗ್ಗದಲ್ಲಿ ಗಂಟುಗಳಿದ್ದವು. "ಮೇಷ ಸಂಕ್ರಮಣಕ್ಕೆ ಈ ಗಂಟು ನೀರು ಮುಟ್ಟಬೇಕು ಮಗಾ, ಈಗ ಮುಟ್ಟುದಿಲ್ಲ." ಎರಡು ಕೋಲು ಕೆಳಗೆ ಹೋಗಿದೆಯಂತೆ. ಕೋಲು ಅಂದರೆ ಸುಮಾರು ಎರಡೂವರೆ ಅಡಿ. ನಮ್ಮ ಟೇಪಿಗಿಂತ ಆ ಹಗ್ಗ ಹಳೆಯದು, ನಂಬಿಕೆಯದ್ದು ಕೂಡ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರಲ್ಲಿ ಏಪ್ರಿಲ್‌ಗೆ ಟ್ಯಾಂಕರ್ ಯಾಕೆ ಅಂತ ಹೊರಗಿನವರು ಕೇಳುತ್ತಾರೆ. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದಲ್ಲಿ ನೀರು ಇಳಿದು ಹರಿದು ಹೋಗುತ್ತದೆ ಮಾರಾಯ್ರೆ. ಹೊಳೆಗಳೂ ಗಿಡ್ಡ, ಸಮುದ್ರ ಹತ್ತಿರ. ಬೇಸಿಗೆಯಲ್ಲಿ ಚಂದ್ರಗಿರಿ ಹೊಳೆಯ ಹರಿವು ಇಳಿದರೆ ಉಬ್ಬರದ ಉಪ್ಪುನೀರು ಮೇಲಕ್ಕೆ ಬರುತ್ತದೆ. ನಳ್ಳಿಯ ನೀರು ಉಪ್ಪಾದ ದಿನಗಳು ನಮಗೆಲ್ಲ ನೆನಪಿವೆ, ಅಲ್ವಾ?

ಪಟ್ಟಿಯಲ್ಲಿ ಇಲ್ಲದ ಇನ್ನೊಂದು ಕೊರತೆ ಭಾಷೆಯದ್ದು. ನಾವು ತಿರುಗುವಾಗ ಮಳೆಯ ಮುನ್ನೆಚ್ಚರಿಕೆ ಫೋನಿಗೆ ಮಲಯಾಳದಲ್ಲಿ ಬರುತ್ತಿತ್ತು. ಇಲ್ಲಿನ ಎಷ್ಟೋ ಹಿರಿಯರಿಗೆ ಮಲಯಾಳ ಕೇಳಿದರೆ ಗೊತ್ತಾಗುತ್ತದೆ, ಓದಲು ಬರುವುದು ಕನ್ನಡ ಮಾತ್ರ. ಆ ಮುನ್ನೆಚ್ಚರಿಕೆಯಲ್ಲಿ ಆರೆಂಜ್ ಬಣ್ಣ ಅಂದರೆ ಏನು ಅಂತಲೂ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ದಿನಕ್ಕೆ 115.6ರಿಂದ 204.4 ಮಿ.ಮೀ. ಮಳೆ ಅಂತ ನಾನು ಓದಿ ಹೇಳಿದರೆ ಆಕಳಿಸಿದರು. ಆಮೇಲೆ ಹೀಗೆ ಬರೆದೆವು: "ಅಂಗಳದಲ್ಲಿಟ್ಟ ನೆಟ್ಟಗಿನ ಡಬ್ಬದಲ್ಲಿ ಒಂದು ದಿನಕ್ಕೆ ನಾಲ್ಕೂವರೆಯಿಂದ ಎಂಟು ಇಂಚು ತುಂಬುವಷ್ಟು ಮಳೆ. ಬೈಕ್ ಏರಿಗೆ ಹತ್ತಿಸಿ." ಕನ್ನಡದ ಆ ಹಾಳೆಯನ್ನು ರೇಷನ್ ಅಂಗಡಿಯಲ್ಲಿ ಅಂಟಿಸಿದೆವು.

ಕೊನೆಗೆ ಅಂಕ ಹಾಕಿದಾಗ ನೂರಕ್ಕೆ ಎಷ್ಟು ಬಂತು ಅಂತ ನನಗೆ ಈಗ ನೆನಪಿಲ್ಲ. ಮೋರಿ ಮಾತ್ರ ಮೇ ತಿಂಗಳಲ್ಲಿ ಬಿಡಿಸಿದೆವು. ಒಳಗೆ ಒಂದು ಹಾಸಿಗೆ ಸಿಕ್ಕಿತು.