ಲಂಡನ್ ಮ್ಯೂಸಿಯಂಗಳಿಗೆ ಹೋಗುವವರು ಪಾಸ್ ಕೊಳ್ಳುವ ಮೊದಲು ಓದಿ

ಬೇಸಿಗೆ ರಜೆಗೆ ಲಂಡನ್ನಿಗೆ ಹೊರಟವರು ದುಬಾರಿ ಪ್ರವಾಸಿ ಪಾಸ್ ಕೊಳ್ಳುವ ಮುನ್ನ ಒಂದು ವಿಷಯ ಗಮನಿಸಿ. ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ಸೈನ್ಸ್ ಮ್ಯೂಸಿಯಂ, ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ವಿಕ್ಟೋರಿಯಾ ಅಂಡ್ ಆಲ್ಬರ್ಟ್, ಇವೆಲ್ಲಕ್ಕೂ ಪ್ರವೇಶ ಉಚಿತ. ವಿಶೇಷ ಪ್ರದರ್ಶನಗಳಿಗೆ ಮಾತ್ರ ಟಿಕೆಟ್. ಅವನ್ನು ಬಿಟ್ಟರೂ ನೋಡಲು ದಿನ ಸಾಲದು. ಬಾಗಿಲಲ್ಲಿ ದೇಣಿಗೆ ಪೆಟ್ಟಿಗೆ ಇರುತ್ತದೆ, ಹಾಕುವುದು ಬಿಡುವುದು ನಿಮ್ಮಿಷ್ಟ, ಸಂಕೋಚ ಬೇಡ. ಜನಸಂದಣಿಯ ದಿನಗಳಲ್ಲಿ ಜಾಲತಾಣದಲ್ಲೇ ಸಮಯ ಕಾದಿರಿಸಿಕೊಳ್ಳಿ, ಅದಕ್ಕೂ ಹಣವಿಲ್ಲ.

ಪಟ್ಟಿಯ ಕೊನೆಯ ಮೂರೂ ಇರುವುದು ಸೌತ್ ಕೆನ್ಸಿಂಗ್ಟನ್‌ನಲ್ಲಿ, ಅಕ್ಕಪಕ್ಕದಲ್ಲೇ. ಒಂದೇ ದಿನ ನೋಡಿದರೆ ರೈಲಿನ ಖರ್ಚೂ ಉಳಿಯುತ್ತದೆ. ಶುಕ್ರವಾರವಾದರೆ ಇನ್ನೂ ಒಳ್ಳೆಯದು: ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಅಂದು ರಾತ್ರಿ 10ರವರೆಗೆ ತೆರೆದಿರುತ್ತದೆ. 1799ರಲ್ಲಿ ಶ್ರೀರಂಗಪಟ್ಟಣದಿಂದ ಹೊತ್ತೊಯ್ದ ಟಿಪ್ಪುವಿನ ಹುಲಿ ಈ ಮ್ಯೂಸಿಯಂನದೇ. ಬಿಳಿಯ ಸೈನಿಕನ ಮೇಲೆರಗಿದ ಮರದ ಹುಲಿ, ಪಕ್ಕೆಯಲ್ಲಿ ತಿರುಗಿಸುವ ಹಿಡಿ, ಹೊಟ್ಟೆಯೊಳಗೆ ಪುಟ್ಟ ಆರ್ಗನ್ ವಾದ್ಯ. ಈಗ ಯಾವ ಗ್ಯಾಲರಿಯಲ್ಲಿದೆ ಎಂದು ಮೊದಲೇ ನೋಡಿಕೊಳ್ಳಿ. ಕಟ್ಟಡ ದೊಡ್ಡದು, ಕಾಲು ಸೋಲುತ್ತದೆ.

ನಿಜವಾಗಿ ಜೇಬು ಖಾಲಿಯಾಗುವುದು ಒಳಗಿನ ಕೆಫೆಯಲ್ಲಿ. ಚಪಾತಿ, ಚಟ್ನಿಪುಡಿ ಕಟ್ಟಿಕೊಳ್ಳಿ. ಬಿಸಿಲಿದ್ದರೆ ಹೈಡ್ ಪಾರ್ಕ್ ನಡೆದು ಹೋಗುವಷ್ಟು ಹತ್ತಿರ.