ಬಾಯಿಗೆ ಕಟ್ಟೋದು ಬಿಟ್ಟೆ, ಬೆನ್ನು ಎದ್ದಿತು

ಲಂಜಿಂಗ್ (ಉದ್ದ ಹಗ್ಗ ಹಿಡಿದು ಕುದುರೆಯನ್ನು ಸುತ್ತ ಓಡಿಸಿ ಪಳಗಿಸೋದು) ಸಾಮಾನಿಗೆ ಅಂತ ನಾನು ಸುರಿದ ದುಡ್ಡು ಹತ್ತಿರ ಹತ್ತಿರ 30 ಸಾವಿರ ಇರಬಹುದು. ನನ್ನ ಕುದುರೆಯ ಕುಸಿದ ಬೆನ್ನನ್ನು ಎತ್ತಿಸುವ ಕೆಲಸ ಮಾಡಿದ್ದು 700 ರೂಪಾಯಿಯ ರಬ್ಬರ್ ಪಟ್ಟಿ. ಅದನ್ನು ನೋಡಿ ನಗದವರು ನಮ್ಮ ಲಾಯದಲ್ಲಿ ಯಾರೂ ಇರಲಿಲ್ಲ. ಈಗ ಅವರಲ್ಲೇ ಇಬ್ಬರು ಬಂದು ಪಟ್ಟಿಯ ಅಳತೆ ಕೇಳಿಕೊಂಡು ಹೋಗಿದ್ದಾರೆ. ಎಲ್ಲರಿಗೂ ಬೇರೆ ಬೇರೆ ಹೇಳುವ ಬದಲು ಒಂದೇ ಸಲ ಬರೆದುಬಿಡುತ್ತೇನೆ.

ಕುದುರೆಯ ಹೆಸರು ಕೆಂಚಿ. ಥರೋಬ್ರೆಡ್ (ರೇಸ್ ತಳಿ) ಹೆಣ್ಣು, ನಾನು ತಂದಾಗ ಆರು ವರ್ಷ. ಬೆಂಗಳೂರು, ಮೈಸೂರು ಎರಡೂ ಕಡೆ ಓಡಿದ್ದಳು, ಹೇಳಿಕೊಳ್ಳುವಂಥದ್ದೇನೂ ಗೆಲ್ಲಲಿಲ್ಲ. ರೇಸ್ ಬಿಟ್ಟು ಬಂದ ಕುದುರೆ ಹೇಗಿರುತ್ತೆ ನಿಮಗೆ ಗೊತ್ತಲ್ವಾ. ಕತ್ತಿನ ಕೆಳಗಡೆ ಗಟ್ಟಿ ಮಾಂಸ, ಮೇಲ್ಗಡೆ ಏನೂ ಇಲ್ಲ, ವಿದರ್ಸ್ (ಕತ್ತು ಬೆನ್ನಿಗೆ ಸೇರುವಲ್ಲಿನ ಉಬ್ಬು) ಹಿಂದೆ ಎರಡೂ ಕಡೆ ಹಳ್ಳ, ಬೆನ್ನು ಕುಸಿದಿದೆ, ಹಿಂಗಾಲು ಎಲ್ಲೋ ಹಿಂದೆ ಬರುತ್ತಿದೆ. ಎಡಕ್ಕೆ ತಿರುಗಿಸಿದರೆ ಮೂತಿ ಹೊರಗೆ, ಭಾರವೆಲ್ಲ ಒಳಗಡೆ ಭುಜದ ಮೇಲೆ. ಹಲ್ಲಿಗೆ ಅರ ಹಾಕಿಸಿದ್ದು, ಲಾಳ, ಹೊಟ್ಟೆ ಹುಣ್ಣಿನ ಔಷಧಿ, ಡಾಕ್ಟರು ಎಕ್ಸ್‌ರೇ ನೋಡಿ ಬೆನ್ನಿನ ಮೂಳೆಗೆ ತೊಂದರೆ ಇಲ್ಲ ಅಂದಿದ್ದು, ಇಷ್ಟೂ ಮೊದಲೇ ಆಗಿತ್ತು. ಅದು ಆಗದಿದ್ದರೆ ಮುಂದಿನದು ನಿಮಗೆ ಬೇಡ.

ಮೊದಲು ಎಲ್ಲರ ಹಾಗೆ ಸೈಡ್ ರೇನ್ಸ್, ಅಂದರೆ ಬಾಯೊಳಗಿನ ಬಿಟ್ ಅನ್ನುವ ಲೋಹದ ತುಂಡಿನಿಂದ ಎರಡೂ ಬದಿಗೆ ಎಳೆದು ಕಟ್ಟುವ ಪಟ್ಟಿ. ರಬ್ಬರ್ ಬಳೆ ಇರೋದು, ಕಾನ್ಪುರದ ಮಾಲು, ಜೋಡಿಗೆ 1,500 ಕೊಟ್ಟ ನೆನಪು. ಎರಡು ವಾರ ಕಳೆದ ಮೇಲೆ ನೋಡಿದವರೆಲ್ಲ ಆಹಾ, ಕತ್ತು ಬಾಗಿದೆ ಅಂದರು. ಬಾಗಿದ್ದು ನೆತ್ತಿಯ ಹತ್ತಿರ ಅಲ್ಲ, ಕತ್ತಿನ ಮೇಲಿನಿಂದ ಮೂರನೇ ಮೂಳೆಯ ಹತ್ತಿರ! ಮೂತಿ ಎದೆಯ ಕಡೆ, ಕತ್ತಿನ ಬುಡ ಮೊದಲಿನಷ್ಟೇ ಕೆಳಗೆ, ಹೊಟ್ಟೆ ಸಡಿಲ. ರೇಸ್‌ನಲ್ಲಿ ಬಿಟ್ ಮೇಲೆ ಒರಗಿ ಓಡಿದ ಕುದುರೆಗೆ ಒರಗೋಕೆ ಇನ್ನೊಂದು ಗೋಡೆ ಕಟ್ಟಿಕೊಟ್ಟ ಹಾಗಾಯಿತು ಅಷ್ಟೇ. ಉದ್ದ ಬಿಟ್ಟರೆ ಏನೂ ಆಗಲ್ಲ. ಎರಡು ತೂತು ಬಿಗಿ ಮಾಡಿದರೆ ನಿಂತಲ್ಲೇ ಮುಂಗಾಲು ಎತ್ತುತ್ತಾಳೆ. ಬಿಗಿದ ಸೈಡ್ ರೇನ್ಸ್‌ನಲ್ಲಿ ಕುದುರೆ ಹಿಂದಕ್ಕೆ ಮಗುಚಿದರೆ ಏನಾಗುತ್ತೆ ಅಂತ ನೋಡಿದವರಿಗೆ ಹೇಳಬೇಕಿಲ್ಲ. ಬಿಚ್ಚಿ ಗೂಟಕ್ಕೆ ನೇತುಹಾಕಿದೆ.

ಆಮೇಲೆ ಪೆಸ್ಸೋವಾ. ಬ್ರೆಜಿಲ್‌ನ ಜಂಪಿಂಗ್ ಸವಾರ ನೆಲ್ಸನ್ ಪೆಸ್ಸೋವಾ ಹೆಸರಲ್ಲಿರುವ ಆ ಹಗ್ಗ-ಗಾಲಿಗಳ ಸೆಟ್. ಇಲ್ಲಿನ ನಕಲು ಐದು ಸಾವಿರದೊಳಗೆ ಸಿಗುತ್ತೆ, ನಾನು ದೊಡ್ಡ ಮನಸ್ಸು ಮಾಡಿ ಹೊರಗಿನದೇ ತರಿಸಿದೆ. ಕಸ್ಟಮ್ಸ್ ಸೇರಿ 18 ಸಾವಿರ ದಾಟಿತು, ಮನೆಯಲ್ಲಿ 8 ಅಂತ ಹೇಳಿದ್ದೇನೆ. ಒಳ್ಳೆಯ ಸಾಮಾನೇ, ಅದರ ಮೇಲೆ ನನಗೆ ಕೋಪ ಇಲ್ಲ. ಆದರೆ ಹಿಂದಿನ ಹಗ್ಗ ಬಿಟ್‌ಗೆ ಬಂದು ಸೇರುತ್ತದಲ್ವಾ, ಹಿಂಗಾಲು ಹಾಕಿದಾಗೆಲ್ಲ ಬಾಯಿಗೆ ಒಂದು ಜಗ್ಗು. ತಣ್ಣಗಿನ ಕುದುರೆಗೆ ಪರವಾಗಿಲ್ಲ. ಕೆಂಚಿ ಜಗ್ಗು ತಪ್ಪಿಸಿಕೊಳ್ಳೋಕೆ ಹೆಜ್ಜೆಯನ್ನೇ ಗಿಡ್ಡ ಮಾಡಿಕೊಂಡಳು. ಉದ್ದ ಮಾಡಬೇಕಾದ ಹೆಜ್ಜೆ ಗಿಡ್ಡ ಆದರೆ ಇನ್ನೇನು ಉಪಯೋಗ? ಒಂದಿನ ಹಗ್ಗದೊಳಗೆ ಕಾಲು ಸಿಕ್ಕಿಸಿಕೊಂಡು ಅರ್ಧ ಅರೀನಾ ಒದೆಯುತ್ತಾ ಓಡಿದಳು. ಅರ್ಧ ಬೆಲೆಗೆ ಮಾರಿದೆ.

ಶಾಂಬೋನ್ ಅನ್ನುವ ಇನ್ನೊಂದು ಪಟ್ಟಿಯನ್ನು ಒಬ್ಬ ಸ್ನೇಹಿತರಿಂದ ಸಾಲ ತಂದೆ. ಇದೊಂದು ಸ್ವಲ್ಪ ಬುದ್ಧಿ ಇರುವ ಸಾಮಾನು. ತಲೆ ಎತ್ತಿದರೆ ನೆತ್ತಿಯ ಮೇಲೆ ಒತ್ತು, ಇಳಿಸಿದರೆ ಪೂರ್ತಿ ಬಿಡುಗಡೆ. ಮೂರೇ ದಿನಕ್ಕೆ ತಲೆ ಇಳಿಸಿದಳು. ನಾನು ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ. ಪಕ್ಕದಿಂದ ವಿಡಿಯೋ ಮಾಡಿ ನಿಧಾನಕ್ಕೆ ಓಡಿಸಿ ನೋಡಿದರೆ ಮೂಗು ಮರಳಿನಲ್ಲಿದೆ, ಭಾರವೆಲ್ಲ ಮುಂಗಾಲಿನ ಮೇಲಿದೆ, ಹಿಂಗಾಲು ಸುಮ್ನೆ ಎಳೆದುಕೊಂಡು ಬರುತ್ತಿದೆ. ತಲೆ ಕೆಳಗೆ ಬಂದರೆ ಬೆನ್ನು ಮೇಲೆ ಬಂತು ಅಂತ ನಂಬಿದವರು ಒಂದು ಸಲ ಹೀಗೆ ವಿಡಿಯೋ ಮಾಡಿ ನೋಡಿ. ನೆತ್ತಿಯ ಮೇಲಿಂದ ಹೋಗುವ ಎಲಾಸ್ಟಿಕ್ ಹಗ್ಗವನ್ನೂ ಒಂದು ಬೆಳಗ್ಗೆ ಹಾಕಿದ್ದೆ. ಅದು ಬಿಡುಗಡೆಯನ್ನೇ ಕೊಡಲ್ಲ, ಎಳೆಯುತ್ತಲೇ ಇರುತ್ತೆ. ಅದರ ಬಗ್ಗೆ ಬರೆಯೋಕೂ ಮನಸ್ಸಿಲ್ಲ.

ಈ ಎಲ್ಲ ಸಾಮಾನೂ ಬಾಯಿಂದಲೇ ಶುರುವಾಗುತ್ತೆ. ಇವಳಿಗೆ ತೊಂದರೆ ಇರೋದು ಬಾಯಲ್ಲಿ ಅಲ್ಲ, ಹೊಟ್ಟೆಯ ಸ್ನಾಯುವಿನಲ್ಲಿ ಮತ್ತು ಹಿಂಗಾಲಿನಲ್ಲಿ. ಹಾಗಾಗಿ ಬಿಟ್ ತೆಗೆದೆ. ಕ್ಯಾವೆಸನ್ (ಬಿಟ್ ಇಲ್ಲದ, ಮೂಗಿನ ಮೇಲೆ ಕೂರುವ ತಲೆಪಟ್ಟಿ) ಹಾಕಿದೆ, ರೋಲರ್ (ಬೆನ್ನು, ಎದೆ ಸುತ್ತಿ ಕಟ್ಟುವ ಪಟ್ಟಿ) ಹಾಕಿದೆ, ರೋಲರ್‌ನ ಎರಡು ಬದಿಯಿಂದ ತೊಡೆಯ ಹಿಂದೆ ಒಂದು ರಬ್ಬರ್ ಪಟ್ಟಿ ಸುತ್ತಿದೆ. ವ್ಯಾಯಾಮಕ್ಕೆ ಬಳಸುವ ಪಟ್ಟಿಯ ರೋಲು, ಅಂಗೈ ಅಗಲದ್ದು, ಮೀಟರ್ ಲೆಕ್ಕದಲ್ಲಿ ಸಿಗುತ್ತೆ. ಇದಕ್ಕೆಂದೇ ಮಾಡಿದ ಎಕ್ವಿಬ್ಯಾಂಡ್ ಅನ್ನುವ ಸೆಟ್ ಇದೆ, ಅದರ ಬೆಲೆ ನೋಡಿ ವಾಪಸ್ ಬಂದೆ. ಐಡಿಯಾ ನನ್ನದಲ್ಲ. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು 2017ರಲ್ಲಿ ಪ್ರಕಟಿಸಿದ್ದನ್ನು ಒಬ್ಬ ಡಾಕ್ಟರು ಕಳಿಸಿದ್ದರು. ಏಳು ಕುದುರೆಗೆ ನಾಲ್ಕು ವಾರ ಇಂಥ ಪಟ್ಟಿ ಹಾಕಿದ ಮೇಲೆ ಟ್ರಾಟ್‌ನಲ್ಲಿ (ಕುದುರೆಯ ನಿಧಾನದ ಓಟದಲ್ಲಿ) ಬೆನ್ನು ಅತ್ತಿತ್ತ ಹೊರಳಾಡೋದು ಕಡಿಮೆ ಆಗಿತ್ತು. ಏಳೇ ಕುದುರೆ, ನಿಜ. ನನ್ನ ಹತ್ತಿರ ಇರೋದು ಒಂದೇ.

ನಮ್ಮ ಲಾಯಕ್ಕೆ ಬರುವ ಸೇನೆಯ ನಿವೃತ್ತ ರಿಸಾಲ್ದಾರರೊಬ್ಬರು ಮೊದಲ ದಿನವೇ ನೋಡಿ, "ಏನಪ್ಪಾ, ಕುದುರೆಗೆ ಸೀರೆ ಉಡಿಸಿದ್ದೀಯಾ?" ಅಂದರು. ತಲೆ ಕಟ್ಟದೆ ಕುದುರೆ ಬಾಗಿದ್ದು ಅವರ ಮೂವತ್ತು ವರ್ಷದಲ್ಲಿ ನೋಡಿಲ್ಲವಂತೆ. ಸೈಸ್ (ಕುದುರೆ ನೋಡಿಕೊಳ್ಳುವವನು) ಮಾತ್ರ ಏನೂ ಹೇಳದೆ ತಲೆ ಕೆರೆದುಕೊಂಡ, ಆಮೇಲೆ, "ಸಾರ್, ಒದ್ದರೆ ನಾನು ಜವಾಬ್ದಾರಿ ಅಲ್ಲ" ಅಂದ. ಅವನು ಹೇಳಿದ್ದು ಸರಿ. ಮೊದಲ ವಾರ ಪಟ್ಟಿಯನ್ನು ಲಾಯದೊಳಗೆ ಕೈಯಲ್ಲೇ ತೊಡೆಗೆ ತಾಗಿಸಿ ತಾಗಿಸಿ ಅಭ್ಯಾಸ ಮಾಡಿಸಿದೆವು, ಆಮೇಲೆ ಬರೀ ನಡಿಗೆ, ಅದೂ ಐದು ನಿಮಿಷ. ಬಿಗಿ ತುಂಬ ಬೇಡ. ಪಟ್ಟಿ ತಾಗುತ್ತಿದೆ ಅಂತ ಅವಳಿಗೆ ಗೊತ್ತಾದರೆ ಸಾಕು, ತಳ್ಳುವ ಕೆಲಸ ಅದಕ್ಕಿಲ್ಲ. ಬಾಲದ ಕೆಳಕ್ಕೆ ಹತ್ತಿದರೂ ಕಷ್ಟ, ಹಾಕ್ (ಹಿಂಗಾಲಿನ ನಡುವಿನ ಕೀಲು) ಹತ್ತಿರ ಜಾರಿದರೂ ಕಷ್ಟ, ತೊಡೆಯ ನಡುಮಧ್ಯ ನಿಲ್ಲಬೇಕು. ಜಾರದ ಹಾಗೆ ರೋಲರ್‌ಗೆ ಹೇಗೆ ಸಿಕ್ಕಿಸುತ್ತೇನೆ ಅನ್ನೋದು, ಎಡಕ್ಕೆ ಹೋಗುವಾಗ ಮಾಡುವ ಒಂದು ಸಣ್ಣ ಬದಲಾವಣೆ, ಇವೆರಡನ್ನು ಇಲ್ಲಿ ಬರೆಯಲ್ಲ. ಲಾಯಕ್ಕೆ ಬಂದರೆ ಕಾಫಿ ಕೊಟ್ಟು ತೋರಿಸುತ್ತೇನೆ.

ವಾರಕ್ಕೆ ಮೂರು ದಿನ ಲಂಜಿಂಗ್, ಅದಕ್ಕಿಂತ ಜಾಸ್ತಿ ಇಲ್ಲ. ಒಂದು ಸಲಕ್ಕೆ ಹದಿನೈದು, ಇಪ್ಪತ್ತು ನಿಮಿಷ, ಸುತ್ತುವ ದಿಕ್ಕು ಬದಲಿಸುತ್ತಾ. ಹಗ್ಗ ಎಂಟು ಮೀಟರಿನದು, ನಾನೂ ಜೊತೆಗೆ ನಡೆಯುತ್ತೇನೆ, ಸಣ್ಣ ವೃತ್ತ ಹಾಕಿಸಲ್ಲ. ನಮ್ಮ ಅರೀನಾ ಎಂ-ಸ್ಯಾಂಡ್, ಒಣಗಿದರೆ ಸಿಮೆಂಟು, ಸಣ್ಣ ವೃತ್ತಕ್ಕೆ ಕಾಲಿನ ಕೀಲು ಹೋಗುತ್ತೆ. ಎರಡನೇ ತಿಂಗಳಿಂದ ನೆಲದ ಮೇಲೆ ಕೋಲು. ಪಿವಿಸಿ ಪೈಪ್‌ಗೆ ಮರಳು ತುಂಬಿ ಎರಡೂ ಕಡೆ ಮುಚ್ಚಿದ್ದು, ಟ್ರಾಟ್‌ಗೆ ಅವಳ ಹೆಜ್ಜೆಗೆ ಕೋಲುಗಳ ನಡುವೆ ನಾಲ್ಕೂಕಾಲು ಅಡಿ ಸರಿಹೋಯಿತು. ನಿಮ್ಮ ಕುದುರೆಗೆ ನೀವೇ ಅಳೆಯಿರಿ. ಲಂಜಿಂಗ್ ಇಲ್ಲದ ದಿನ ಕ್ಯಾರೆಟ್ ತೋರಿಸಿ ಕತ್ತನ್ನು ಮುಂಗಾಲಿನ ನಡುವೆ, ಪಕ್ಕೆಯ ಕಡೆ ತಿರುಗಿಸುವ ವ್ಯಾಯಾಮ. ಕುದುರೆಗಳ ಚಲನೆ ಅಧ್ಯಯನ ಮಾಡುವ ಪಶುವೈದ್ಯೆ ಹಿಲರಿ ಕ್ಲೇಟನ್ ಅವರ ತಂಡ 2011ರಲ್ಲಿ ತೋರಿಸಿದ್ದು ಇದನ್ನೇ. ಮೂರು ತಿಂಗಳು ಬರೀ ಈ ವ್ಯಾಯಾಮಕ್ಕೇ ಬೆನ್ನುಮೂಳೆ ಪಕ್ಕದ ಒಳಸ್ನಾಯು ದಪ್ಪ ಆಗಿತ್ತು. ಕ್ಯಾರೆಟ್ ದುಬಾರಿ ಆದಾಗ ಸೌತೆಕಾಯಿಯೂ ನಡೆಯುತ್ತೆ, ಕೆಂಚಿಗೆ ಕಲ್ಲಂಗಡಿ ಸಿಪ್ಪೆ ಇನ್ನೂ ಇಷ್ಟ.

ನಡುವೆ ಗೆಜ್ಜೆಯ ಪ್ರಯೋಗ ಮಾಡಿದೆ. ಹಿಂಗಾಲಿನ ಗೊರಸಿನ ಮೇಲೆ ಹಗುರ ಏನಾದರೂ ಕಟ್ಟಿದರೆ ಕಾಲು ಎತ್ತಿ ಇಡುತ್ತೆ ಅಂತ ಓದಿದ್ದೆ. ಅವೆನ್ಯೂ ರಸ್ತೆಯಲ್ಲಿ ಸಣ್ಣ ಗೆಜ್ಜೆ ತಂದು ತೊಗಲಿನ ಪಟ್ಟಿಗೆ ಹೊಲಿಸಿದೆ. ಮೊದಲ ಎರಡು ಸುತ್ತು ಏನು ಎತ್ತಿದಳು ಅಂತೀರಾ, ದಸರಾ ಮೆರವಣಿಗೆಗೆ ಕಳಿಸಬಹುದಿತ್ತು. ಐದಾರು ಸುತ್ತಿಗೆ ಅಭ್ಯಾಸ ಆಗಿ ಮೊದಲಿನ ಹಾಗೇ ಎಳೆದುಕೊಂಡು ನಡೆದಳು. ಈಗ ಕೊನೆಯ ಎರಡು ನಿಮಿಷಕ್ಕೆ ಮಾತ್ರ ಕಟ್ಟುತ್ತೇನೆ.

ಬದಲಾವಣೆ ಅಳೆಯೋದಕ್ಕೆ ನನ್ನ ಉಪಕರಣ ದಪ್ಪ ಅಲ್ಯೂಮಿನಿಯಂ ಕರೆಂಟ್ ವೈರು. ವಿದರ್ಸ್ ಹಿಂದೆ ನಾಲ್ಕು ಬೆರಳು ಬಿಟ್ಟು ಬೆನ್ನಿಗೆ ಒತ್ತಿ, ಆ ಆಕಾರ ಹಳೇ ಪೇಪರ್ ಮೇಲೆ ಗೀಚಿ ತಾರೀಖು ಹಾಕುವುದು. ಮೊದಲ ತಿಂಗಳು ಗೆರೆ ಮೇಲೆ ಗೆರೆ, ಏನೂ ವ್ಯತ್ಯಾಸ ಇಲ್ಲ. ಹುರುಳಿ ಜೊತೆ ಲೂಸರ್ನ್ ಹುಲ್ಲು, ಸೋಯಾ ಹೆಚ್ಚಿಸಿದ ಮೇಲೆಯೇ ಗೆರೆ ಅಗಲ ಆಗೋಕೆ ಶುರುವಾಗಿದ್ದು. ತಿಂಗಳ ಮೇವಿನ ಬಿಲ್ ಎರಡೂವರೆ ಸಾವಿರ ಏರಿತು. ಹೊಟ್ಟೆಗೆ ಹಾಕದೆ ಯಾವ ಪಟ್ಟಿ ಕಟ್ಟಿದರೂ ಮಾಂಸ ಎಲ್ಲಿಂದ ಬರಬೇಕು? ನಾಲ್ಕನೇ ತಿಂಗಳಿಗೆ ಎರಡೂ ಕಡೆ ಸೇರಿ ಎರಡು ಬೆರಳು ಅಗಲವಾಗಿತ್ತು. ವೃತ್ತದಲ್ಲಿ ತಾನಾಗಿ ಕತ್ತು ಚಾಚಿ ಬುಸ್ ಅಂತ ಮೂಗು ಊದುತ್ತಿದ್ದಳು, ತಲೆಗೆ ಏನೂ ಕಟ್ಟಿರಲಿಲ್ಲ. ಎಡಗಡೆ ಇನ್ನೂ ಬಲಗಡೆಯಷ್ಟು ಚೆನ್ನಾಗಿಲ್ಲ.

ರಿಸಾಲ್ದಾರರು ಒಂದು ಬೆಳಗ್ಗೆ ಬೇಲಿ ಪಕ್ಕ ನಿಂತು ಪೂರ್ತಿ ನೋಡಿದರು. ಪಟ್ಟಿಯ ಬಗ್ಗೆ ಒಂದು ಮಾತೂ ಇಲ್ಲ, "ಮೇವು ಚೆನ್ನಾಗಿ ಹಾಕ್ತಿದ್ದೀಯ" ಅಂದರು. ಮುಂದಿನ ವಾರ ಅವರ ಶಿಷ್ಯೆ ಬಂದು ಪಟ್ಟಿ ಎಲ್ಲಿ ಸಿಗುತ್ತೆ ಅಂತ ಕೇಳಿದಳು.

ಹೊಸ ಖರ್ಚೊಂದು ಬಂದಿದೆ. ಬೆನ್ನು ತುಂಬಿದ್ದರಿಂದ ಹಳೇ ಜೀನು ಈಗ ಭುಜವನ್ನು ಕಚ್ಚುತ್ತಿದೆ, ಅಗಲದ ಜೀನಿಗೆ 40 ಸಾವಿರ ಹೇಳುತ್ತಿದ್ದಾರೆ. ಯಾರ ಹತ್ತಿರವಾದರೂ ಹದಿನೇಳೂವರೆ ಇಂಚಿನ, ಅಗಲ ಚೌಕಟ್ಟಿನ ಜೀನು ಸುಮ್ನೆ ಬಿದ್ದಿದ್ದರೆ ಹೇಳಿ, ನಕಲು ಪೆಸ್ಸೋವಾ ಒಂದು ಕೊಡಿಸುತ್ತೇನೆ.