ಮಡ್ಡಿಯನ್ನು ಮಡ್ಡಿಯಾಗಿಯೇ ಬಿಟ್ಟೆವು

ಬಾಗಲಕೋಟೆ ಜಿಲ್ಲೆಯ ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳಲ್ಲಿ ಹರಡಿರುವ ಯಡಹಳ್ಳಿ ಕಾಡು 2016ರಲ್ಲಿ ಚಿಂಕಾರ ಎಂಬ ಪುಟ್ಟ ಹುಲ್ಲೆಯ ವನ್ಯಧಾಮವಾಯಿತು. ವಿಸ್ತಾರ 96.36 ಚದರ ಕಿಲೋಮೀಟರ್. ಅದರ ಅಂಚಿನಲ್ಲೇ ನಮ್ಮ ಹೊಲ. ಊರಿನ ಹುಡುಗರು ಕಾಡಿಗಾಗಿ ಏನಾದರೂ ಮಾಡೋಣ ಎಂದಾಗ ಮೊದಲು ಬಂದ ಮಾತು ಗಿಡ ನೆಡುವುದು. ಬೇಡವೆಂದು ಹಟ ಹಿಡಿದವನು ನಾನು. ಚಿಂಕಾರಕ್ಕೆ ದಟ್ಟ ಕಾಡು ಬೇಕಿಲ್ಲ. ಕುರುಚಲು ಜಾಲಿ, ಬಾರಿ ಗಿಡ, ನಡುನಡುವೆ ಬಯಲು ಇದ್ದರೆ ಸಾಕು. ದೂರದಿಂದಲೇ ಅಪಾಯ ಕಂಡು ಓಡುತ್ತದೆ. ಎಲೆಯ ತೇವದಲ್ಲೇ ಬಹಳ ದಿನ ನೀರು ಕುಡಿಯದೆ ಕಳೆಯುತ್ತದೆ. ಬೋಳು ಮಡ್ಡಿ, ಅಂದರೆ ಕಲ್ಲು ಕುರುಚಲಿನ ಒಣ ದಿಬ್ಬ, ಕಂಡಲ್ಲೆಲ್ಲ ಸಸಿ ನೆಡಲು ಕೈ ತುರಿಸುವುದು ಈ ಕಾಲದ ಚಟ.

ಹಾಗಾಗಿ ಗುದ್ದಲಿ ಬಿಟ್ಟು ಬಾವಿ ಮತ್ತು ನಾಯಿಗಳ ಬೆನ್ನು ಹತ್ತಿದೆವು.

ಕೊಳವೆಬಾವಿ ಬಂದ ಮೇಲೆ ಹಾಳುಬಿದ್ದ ತೆರೆದ ಬಾವಿಗಳಿಗೆ ಕಟ್ಟೆಯಿರಲಿಲ್ಲ, ಓಡಿ ಬರುವ ಚಿಂಕಾರ ಅದರಲ್ಲಿ ಬೀಳುವ ಅಪಾಯವಿತ್ತು. ಮುಳ್ಳಿನ ಬೇಲಿ ಹೆಚ್ಚು ಕಾಲ ನಿಲ್ಲುವುದಿಲ್ಲವೆಂದು ಗುಡ್ಡದ ಕಲ್ಲನ್ನೇ ಎದೆಮಟ್ಟ ಪೇರಿಸಿದೆವು. ತಮ್ಮ ದನವೂ ಬೀಳಬಹುದೆಂಬ ಭಯವಿದ್ದುದರಿಂದ ಹೊಲದವರು ತಕರಾರು ಮಾಡಲಿಲ್ಲ.

ನಾಯಿಗಳದ್ದೇ ಕಷ್ಟ. ಚಿಂಕಾರದ ತಾಯಿ ಮರಿಯನ್ನು ಪೊದೆಯಲ್ಲಿ ಮಲಗಿಸಿ ದೂರ ಮೇಯಲು ಹೋಗುತ್ತದೆ. ಅದು ಅನಾಥವೆಂದು ಎತ್ತಿಕೊಂಡು ಬರುವವರ ಕಾಟ ಒಂದಾದರೆ, ನಾಯಿಯ ಬಾಯಿಗೆ ಬೀಳುವುದು ಇನ್ನೊಂದು. ನಾಯಿಗಳನ್ನು ಕಟ್ಟಿಹಾಕಿ ಎಂದು ಕುರಿಗಾರರನ್ನು ಕೇಳಲು ಹೋದಾಗ ಒಬ್ಬ ಅಜ್ಜ, “ತಮ್ಮಾ, ರಾತ್ರಿ ಹಟ್ಟಿಗೆ ತೋಳ ಬಂದರೆ ನೀನು ಬಂದು ಬೊಗಳುತ್ತೀಯಾ?” ಎಂದರು. ನಕ್ಕೆವು, ಮಾತು ಮಾತ್ರ ಸರಿಯೇ ಆಗಿತ್ತು. ಉಪಾಯ ಹೇಳಿದವರೂ ಅವರೇ: ಹಗಲು ನಾಯಿಯ ಕೊರಳಿಗೆ ಮೊಣಕಾಲಿಗೆ ತಗಲುವಂತೆ ಒಂದು ಕಟ್ಟಿಗೆ ತುಂಡು ಕಟ್ಟುವುದು, ರಾತ್ರಿ ಹಟ್ಟಿಯಲ್ಲಿ ಬಿಚ್ಚುವುದು. ಕಟ್ಟಿಗೆ ಇದ್ದರೆ ನಾಯಿ ನಡೆಯುತ್ತದೆ, ಬೆನ್ನಟ್ಟಲಾರದು. ಅಜ್ಜ ಒಪ್ಪಿದ್ದರಿಂದ ಉಳಿದ ಹಟ್ಟಿಗಳೂ ಒಪ್ಪಿದವು.

ಮುಧೋಳ ತಳಿಯ ನಾಯಿ ಸಾಕಿದವರ ಮುಂದೆ ಇದು ನಡೆಯಲಿಲ್ಲ. ಬೇಟೆಗೆಂದೇ ಬೆಳೆದ ತಳಿ. ಕಣ್ಣಿಗೆ ಕಂಡದ್ದನ್ನು ಅಟ್ಟಿಸಿಕೊಂಡು ಹೋಗುತ್ತದೆ. “ಓಡದ ನಾಯಿ ಯಾಕೆ ಬೇಕು?” ಎಂಬ ಅವರ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಊರಿನ ಆಚೆ ಬದಿಯ, ಕಟಾವಾದ ಹೊಲಗಳಲ್ಲಿ ಓಡಿಸಿಕೊಳ್ಳಲಿ ಎಂದು ಮಾತಾಯಿತು.

ಬೀದಿನಾಯಿಗಳ ವಿಷಯ ಇನ್ನೂ ಬಗೆಹರಿದಿಲ್ಲ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಅವುಗಳ ಸಂತಾನಹರಣ ಶಸ್ತ್ರಚಿಕಿತ್ಸೆ ಸ್ಥಳೀಯ ಸಂಸ್ಥೆಯ ಹೊಣೆ. ಗ್ರಾಮಸಭೆಯಲ್ಲಿ ಮತ್ತೆ ಕೇಳಲಿದ್ದೇವೆ. ಅಲ್ಲಿಯವರೆಗೆ ಮಡ್ಡಿಯ ದಾರಿಯಲ್ಲಿ ಸತ್ತ ಕೋಳಿ, ಮಾಂಸದ ತ್ಯಾಜ್ಯ ಎಸೆಯದಂತೆ ಅಂಗಡಿಯವರನ್ನು ಒಪ್ಪಿಸಿದ್ದೇವೆ. ಗುಂಡಿ ತೋಡಿ ಹೂಳುವ ಕೆಲಸ ನಮ್ಮ ಹುಡುಗರದು.